ರಾಥ್ಕೋ ಚಿತ್ರಗಳಿಗೆ ಹಚ್ಚಿದ್ದು ಬಣ್ಣವಲ್ಲ, ಬೆಳಕು
ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೋ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಬರೆದ ಭಿತ್ತಿಚಿತ್ರಗಳನ್ನು 2014ರಲ್ಲಿ ‘ಮತ್ತೆ ಬಣ್ಣ ಬಳಿದು ಸರಿಪಡಿಸಿದರು’ ಅಂತ ನಿಮ್ಮ ಲೇಖನದಲ್ಲಿದೆ. ದಯವಿಟ್ಟು ತಿದ್ದಿ, ಇದು ಸಣ್ಣ ತಪ್ಪಲ್ಲ. ಮಾಸಿದ ಬಣ್ಣದ ಮೇಲೆ ಹೊಸ ಬಣ್ಣ ಹಚ್ಚಲೇ ಇಲ್ಲ, ಪ್ರೊಜೆಕ್ಟರಿನಿಂದ ಬೆಳಕು ಬಿಟ್ಟರು.

ರಾಥ್ಕೋ ಬಳಸಿದ್ದ ಲಿಥಾಲ್ ರೆಡ್ ಎಂಬ ಕೆಂಪು ಬಿಸಿಲಿಗೆ ನಿಲ್ಲುವ ಬಣ್ಣವಲ್ಲ. ಅದಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿದ್ದರು. 1964ರಲ್ಲಿ ಈ ಚಿತ್ರಗಳ ಐದು ಫಲಕಗಳನ್ನು ಹಾರ್ವರ್ಡ್‌ನಲ್ಲಿ ದೊಡ್ಡ ಕಿಟಕಿಗಳಿದ್ದ ಊಟದ ಕೋಣೆಯಲ್ಲಿ ತೂಗುಹಾಕಿದರು. ಕೆಂಪು ಹೋಯಿತು, ನೀಲಿ ಉಳಿಯಿತು. 1979ರಲ್ಲಿ ಇಳಿಸಿಬಿಟ್ಟರು.

ಮೇಲೆ ಬಳಿಯಲಾಗದಿದ್ದಕ್ಕೆ ಕಾರಣ ವಾರ್ನಿಶ್. ಅಂದರೆ, ಅದು ಇಲ್ಲದಿರುವುದು! ಹೊಳಪಿಲ್ಲದ ಬರಿ ಮೈ ಹೊಸ ಬಣ್ಣವನ್ನು ಹೀರಿಕೊಂಡರೆ ಮತ್ತೆ ತೆಗೆಯಲಾಗದು. ಅದಕ್ಕೇ 1964ರಲ್ಲಿ ಎಕ್ಟಾಕ್ರೋಮ್ ಎಂಬ ಕಲರ್ ಫಿಲ್ಮಿನಲ್ಲಿ ತೆಗೆದ ಈ ಚಿತ್ರಗಳ ಫೋಟೊಗಳನ್ನು (ಅವೂ ಮಾಸಿದ್ದವು) ಡಿಜಿಟಲ್ ಆಗಿ ಸರಿಪಡಿಸಿ, ಗೋಡೆಗೇರದೆ ಉಳಿದಿದ್ದ ಆರನೇ ಫಲಕದ ಜೊತೆ ಹೋಲಿಸಿದರು. ಎಲ್ಲಿ ಎಷ್ಟು ಬಣ್ಣ ಕಡಿಮೆ ಅಂತ ಪಿಕ್ಸೆಲ್ ಪಿಕ್ಸೆಲ್ ಲೆಕ್ಕ ಹಾಕಿ, ಅಷ್ಟೇ ಬಣ್ಣದ ಬೆಳಕು ಬೀಳಿಸಿದರು.

ಪ್ರದರ್ಶನದಲ್ಲಿ ದಿನಾ ಸಂಜೆ 4ಕ್ಕೆ ಪ್ರೊಜೆಕ್ಟರ್ ಆರಿಸುತ್ತಿದ್ದರು. ಆಗ ಕಡುಗೆಂಪು ಇಳಿದು, ಮಾಸಿದ ನಿಜವಾದ ಕ್ಯಾನ್ವಾಸ್ ಕಾಣುತ್ತಿತ್ತು.