ಸಾವಿರ ಸುಳ್ಳು ಹೇಳಿ ಒಂದು ಸರ್ಕಾರ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ ನಮ್ಮಲ್ಲಿ. ಹಿಟ್ಲರನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಈ ಗಾದೆಯನ್ನು ಅವನಷ್ಟು ಶ್ರದ್ಧೆಯಿಂದ ಪಾಲಿಸಿದ ಮದುವೆ ದಲ್ಲಾಳಿಯನ್ನು ನಾನಂತೂ ಕಾಣೆ.

1920ರ ಫೆಬ್ರವರಿ 24ರಂದು ಮ್ಯೂನಿಕ್‌ನ ಬಿಯರ್ ಹಾಲ್ ಒಂದರಲ್ಲಿ ಅವನ ನಾಜಿ ಪಕ್ಷದ ಜಾತಕ, ಅಂದರೆ ಕಾರ್ಯಕ್ರಮ, ಓದಿದರು. ಒಟ್ಟು 25 ಗುಣ. 16ನೆಯದು ಸಣ್ಣ ಅಂಗಡಿಯವನಿಗೆ: ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳನ್ನು ಕಿತ್ತು ನಿಮಗೆ ಅಗ್ಗದ ಬಾಡಿಗೆಗೆ ಕೊಡುತ್ತೇವೆ. 17ನೆಯದು, ಪರಿಹಾರವಿಲ್ಲದೆ ಜಮೀನು ವಶ. ಜಮೀನಿಲ್ಲದವನಿಗೆ ಖುಷಿ, ಇದ್ದವನಿಗೆ ಎದೆ ಧಸಕ್. ಈ ಜಾತಕ ಎಂದಿಗೂ ಬದಲಾಗದು ಅಂತ 1926ರಲ್ಲಿ ಬೇರೆ ಸಾರಿದ್ದರು. ಹಾಗಾಗಿ 1928ರಲ್ಲಿ ಬದಲಾಯಿಸಲಿಲ್ಲ, ಸುಮ್ನೆ ಅರ್ಥ ಬಿಡಿಸಿ ಹೇಳಿದರು: ಆ 17ನೆಯದು ಮುಖ್ಯವಾಗಿ ಜಮೀನು ದಂಧೆಯ ಯಹೂದಿ ಕಂಪನಿಗಳಿಗೆ, ನಿಮಗಲ್ಲ!

1932ರ ಜನವರಿಯಲ್ಲಿ ಡಸೆಲ್ಡಾರ್ಫ್‌ನ ಉದ್ಯಮಿಗಳ ಮುಂದೆ ನಿಂತು ಹಿಟ್ಲರ್ ಖಾಸಗಿ ಆಸ್ತಿಯ ಪರ ಮಾತಾಡಿದ. ಅದೇ ನವೆಂಬರ್‌ನಲ್ಲಿ ಬರ್ಲಿನ್‌ನ ಸಾರಿಗೆ ನೌಕರರ ಮುಷ್ಕರದಲ್ಲಿ ಅವನ ಹುಡುಗರು ಕಮ್ಯುನಿಸ್ಟರ ಪಕ್ಕವೇ ನಿಂತರು. ಗುಟ್ಟೇನೂ ಅಲ್ಲ. ಹೆಣ್ಣಿನ ಕಡೆಯವರಿಗೆ ಹೇಳಿದ ಸುಳ್ಳು ಗಂಡಿನ ಕಡೆಯವರಿಗೂ ಗೊತ್ತಿತ್ತು. ಆದರೆ ಪ್ರತಿಯೊಬ್ಬನೂ, ಪಾಪ ಅವರಿಗೆ ಟೋಪಿ ಹಾಕುತ್ತಿದ್ದಾನೆ, ನಮಗೆ ಹೇಳಿದ್ದು ಮಾತ್ರ ನಿಜ ಅಂತ ಮೀಸೆಯಡಿ ನಕ್ಕಿರಬೇಕು.

ಅಧಿಕಾರ ಸಿಕ್ಕ ಮೇಲೆ 1933ರ ಫೆಬ್ರವರಿ 20ರಂದು ಹಿಟ್ಲರನ ಬಲಗೈ ಬಂಟ ಗೋರಿಂಗ್ ಮನೆಗೆ ಉದ್ಯಮಿಗಳನ್ನು ಕರೆದು ಮುಯ್ಯಿ ಕೇಳಿದರು: 30 ಲಕ್ಷ ಮಾರ್ಕ್. ಈ ಚುನಾವಣೆ ಮುಗಿದರೆ ಇನ್ನು ಹತ್ತು ವರ್ಷ, ಬಹುಶಃ ನೂರು ವರ್ಷ ಚುನಾವಣೆಯ ಕಾಟವಿಲ್ಲ ಅಂದ ಗೋರಿಂಗ್. ಮುಯ್ಯಿ ಹಾಕುವವರಿಗೆ ಸುಳ್ಳು ಹೇಳಬಾರದು, ಅಲ್ವಾ?

ಕಾರ್ಮಿಕರಿಗೆ ಮೇ 1ರಂದು ಸಂಬಳಸಹಿತ ರಜೆ, ಮೆರವಣಿಗೆ. ಮೇ 2ರಂದು ಅವರ ಸಂಘದ ಕಚೇರಿಗಳಿಗೆ ನುಗ್ಗಿ ಮುಖಂಡರನ್ನು ಎಳೆದೊಯ್ದರು. ಇನ್ನು ಡಿಪಾರ್ಟ್‌ಮೆಂಟ್ ಸ್ಟೋರು? ಮುಳುಗುತ್ತಿದ್ದ ಹರ್ಮನ್ ಟೀಟ್ಜ್ ಮಳಿಗೆಗಳನ್ನು ಸಾಲ ಕೊಡಿಸಿ ಉಳಿಸಿದರು. ಯಹೂದಿ ಮಾಲೀಕರನ್ನು ಹೊರಗಟ್ಟಿದರು. ಸಣ್ಣ ಅಂಗಡಿಯವನು ಎದುರು ಫುಟ್‌ಪಾತಿನಲ್ಲಿ ನಿಂತು ನೋಡಿದ.

1938ರಲ್ಲಿ ಜನರ ಕಾರಿನ ಚೀಟಿ ಶುರುವಾಯಿತು. ವಾರಕ್ಕೆ 5 ಮಾರ್ಕಿನ ಸ್ಟಾಂಪ್ ಅಂಟಿಸಿದರೆ 990 ಮಾರ್ಕಿಗೆ ಕಾರು. ಮೂರು ಲಕ್ಷಕ್ಕೂ ಜಾಸ್ತಿ ಜನ ಅಂಟಿಸಿದರು. ಒಬ್ಬನ ಮನೆ ಮುಂದೂ ಆ ಕಾರು ಬಂದು ನಿಲ್ಲಲಿಲ್ಲ. ಹಾಗಂತ ಆ ಕಾರ್ಖಾನೆಯ ಗಾಡಿ ಹತ್ತುವ ಭಾಗ್ಯವೇ ಸಿಗಲಿಲ್ಲ ಅನ್ನುವ ಹಾಗಿಲ್ಲ. ಹತ್ತಿದರು, ಸೈನ್ಯದ ಸಮವಸ್ತ್ರ ಹಾಕಿಕೊಂಡು, ರಷ್ಯಾ ಕಡೆಗೆ.