ಸುಮ್ನೆ ಕ್ಷಮಿಸಬಹುದಿತ್ತಲ್ವಾ?

ಪುಣೆ ಹತ್ತಿರದ ಭೋಸರಿಯ ನಮ್ಮ ವರ್ಕ್‌ಶಾಪಿನಲ್ಲಿ ಮಧ್ಯಾಹ್ನ ನನ್ನ ಜೊತೆ ಡಬ್ಬಿ ಬಿಚ್ಚುವವರು ಸೊಲ್ಲಾಪುರದ ಕಡೆಯವರು. ಲಿಂಗಾಯತರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಣ್ಣಾ ಎನ್ನುತ್ತೇನೆ. ಗುಡ್ ಫ್ರೈಡೆಗೆ ರಜೆ ಬರೆದು ಕೊಟ್ಟಿದ್ದು ನೋಡಿ ಮೆಲ್ಲಗೆ ಕೇಳಿದರು: "ತಮ್ಮಾ, ತಪ್ಪು ತಿಳ್ಕೋಬ್ಯಾಡ. ನಿಮ್ಮ ದೇವ್ರು ಮಂದೀನ ಸುಮ್ನ ಮಾಫ್ ಮಾಡಬಹುದಿತ್ತಲ್ಲ? ಅದಕ್ಕ ಮಗ ಯಾಕ ಸಾಯಬೇಕಿತ್ತು?"

ತಪ್ಪು ತಿಳಿಯುವ ಮಾತೇ ಇಲ್ಲ. ಅದು ಎಷ್ಟೋ ವರ್ಷ ನನ್ನ ಪ್ರಶ್ನೆಯೂ ಆಗಿತ್ತು. ಸಂಡೇ ಸ್ಕೂಲಿನಲ್ಲಿ ನಾನು ಕೇಳಿಸಿಕೊಂಡಿದ್ದು ಹೀಗೆ: ನಾವು ಪಾಪ ಮಾಡಿದೆವು, ದೇವರಿಗೆ ಸಿಟ್ಟು ಬಂತು, ನಮಗೆ ಬೀಳಬೇಕಿದ್ದ ಏಟು ಯೇಸುವಿಗೆ ಬಿತ್ತು. ಆಗ ನಮ್ಮ ಚಾಳಿನಲ್ಲಿ ಒಬ್ಬ ಮನುಷ್ಯ ಇದ್ದ. ಕುಡಿದು ಬಂದು, ಯಾರ ಮೇಲಿನ ಸಿಟ್ಟನ್ನೋ ಮಗನ ಮೇಲೆ ತೀರಿಸುತ್ತಿದ್ದ. ಆ ಹುಡುಗ ನನ್ನ ಗೆಳೆಯ. ಆ ಪಾಠ ಕೇಳಿದಾಗಲೆಲ್ಲ ನನಗೆ ದೇವರ ಜಾಗದಲ್ಲಿ ಆ ಅಪ್ಪನ ಮುಖವೇ ಕಾಣುತ್ತಿತ್ತು. ಮಕ್ಕಳಿಗೆ ಕಲಿಸುವವರು ಈ ಪೋಸ್ಟ್ ಓದುತ್ತಿದ್ದರೆ ದಯವಿಟ್ಟು ಇದನ್ನು ನೆನಪಿಡಿ. ಹಾಗೆ ಕಲಿಸಬೇಡಿ.

ನಮ್ಮ ಮಾತೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಪ್ರಾಯಶ್ಚಿತ್ತ ಅಂದರೆ ತಪ್ಪು ಮಾಡಿದವನು ಮಾಡಿಕೊಳ್ಳುವುದು. ಉಪವಾಸವೋ, ದಾನವೋ, ಹರಕೆಯೋ, ಮಾಡಿದವನದೇ ಭಾರ. ಶಿಲುಬೆಯಲ್ಲಿ ಅದು ಉಲ್ಟಾ. ಯಾರಿಗೆ ಅನ್ಯಾಯವಾಯಿತೋ ಅವನೇ ಭಾರ ಹೊರುತ್ತಾನೆ. ಅದೇ ಶಬ್ದ ಇಟ್ಟುಕೊಂಡು ಅರ್ಥ ಮಾತ್ರ ತಿರುಗಿಸಿ ಹೇಳುತ್ತೇವೆ. ಕೇಳುವವರಿಗೆ ಗೊಂದಲ ಆಗದೆ ಇರುತ್ತದೆಯೇ?

ಇನ್ನೊಂದು ವಿಷಯ ನಮ್ಮವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಯೇಸುವಿನ ಸಾವು ನಮ್ಮನ್ನು ಹೇಗೆ ಬಿಡಿಸುತ್ತದೆ ಎಂಬುದಕ್ಕೆ ಕ್ರೈಸ್ತ ಧರ್ಮಗುರುಗಳ ಹಳೆಯ ಮಹಾಸಭೆಗಳು ಒಂದೇ ವಿವರಣೆಯನ್ನು ಗಟ್ಟಿ ಮಾಡಲಿಲ್ಲ. 325ರಲ್ಲಿ ನೈಸಿಯಾದಲ್ಲಿ, 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿ ಯೇಸು ಯಾರು ಎಂದು ಅಕ್ಷರ ಅಕ್ಷರ ತೂಗಿದರು. ಶಿಲುಬೆಯ ಬಗ್ಗೆ ಮಾತ್ರ 'ನಮಗೋಸ್ಕರ' ಎಂದು ಹೇಳಿ ಬಿಟ್ಟರು. ಹಾಗಾಗಿ ಒಂದೊಂದು ಕಾಲದವರು ತಮಗೆ ಗೊತ್ತಿದ್ದ ಬದುಕಿನಿಂದಲೇ ಹೋಲಿಕೆ ತಂದರು. ಸೆರೆಯಾಳುಗಳನ್ನು ಹಣ ಕೊಟ್ಟು ಬಿಡಿಸುತ್ತಿದ್ದ ಕಾಲದವರು ಬಿಡುಗಡೆಯ ಬೆಲೆ ಎಂದರು. ಒಡೆಯ ಮತ್ತು ಆಳುಗಳ ಯುರೋಪಿನಲ್ಲಿ, 1098ರ ಸುಮಾರಿಗೆ, ಕ್ಯಾಂಟರ್ಬರಿಯ ಆನ್ಸೆಲ್ಮ್ ದೇವರ ಗೌರವಕ್ಕೆ ಆದ ಕೊರತೆಯನ್ನು ತುಂಬಿಕೊಡುವುದು ಎಂದರು. ಸ್ವಲ್ಪ ವರ್ಷಗಳ ನಂತರ ಅಬೆಲಾರ್ಡ್, ಆ ಪ್ರೀತಿಯನ್ನು ನೋಡಿ ನಮ್ಮ ಮನಸ್ಸು ಕರಗುವುದೇ ಮುಖ್ಯ ಎಂದರು. 16ನೇ ಶತಮಾನದ ಕ್ಯಾಲ್ವಿನ್ ಕಾನೂನು ಓದಿದವರು. ಅವರ ಬರಹದಲ್ಲಿ ಅದು ನ್ಯಾಯಾಲಯ, ಅಪರಾಧಿ, ಶಿಕ್ಷೆ ಆಯಿತು. ನನ್ನ ಕಿವಿಗೆ ಬಿದ್ದದ್ದು ಈ ಕೊನೆಯದರ ಮಕ್ಕಳ ಆವೃತ್ತಿ. ಅದು ಪೂರ್ತಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಬೈಬಲಿನ ಯೆಶಾಯನ ಪುಸ್ತಕದ 53ನೇ ಅಧ್ಯಾಯದಲ್ಲಿ ದಂಡನೆಯ ಮಾತು ಇದ್ದೇ ಇದೆ. ಆದರೆ ಅದೊಂದೇ ಬಾಗಿಲು ಅಲ್ಲ.

ನನಗೆ ಬಾಗಿಲು ತೆರೆದದ್ದು ಒಂದು ಪಾಸ್‌ಬುಕ್ಕಿನಿಂದ.

1993ರಲ್ಲಿ ನಮ್ಮ ಕಾಕಾ ಒಂದು ಪತ್‌ಪೇಢಿಯಿಂದ, ಅಂದರೆ ಸಾಲ ಕೊಡುವ ಸಹಕಾರಿ ಸಂಘದಿಂದ, ಮೂವತ್ತು ಸಾವಿರ ಸಾಲ ತೆಗೆದರು. ಜಾಮೀನಿಗೆ ಸಹಿ ಹಾಕಿದ್ದು ಅಪ್ಪ. ನಾಲ್ಕು ಹಪ್ತೆ (ಕಂತು) ಕಟ್ಟಿ ಕಾಕಾ ಊರು ಬಿಟ್ಟರು. ಎಲ್ಲಿ ಹೋದರೋ ತಿಳಿಯಲಿಲ್ಲ. ಐದನೇ ತಿಂಗಳಿಂದ ಹಪ್ತೆ ಅಪ್ಪನ ಪಗಾರದಲ್ಲಿ ಕಟ್ ಆಗತೊಡಗಿತು. ಮನೆಗೆ ಬರುತ್ತಿದ್ದುದೇ ಕಡಿಮೆ. ಅವ್ವನ ಎರಡು ಬಳೆ ಹೋದವು. ನನ್ನ ಡಿಪ್ಲೊಮಾ ಒಂದು ವರ್ಷ ಮುಂದೆ ಹೋಯಿತು. ಅಪ್ಪ ಓವರ್‌ಟೈಮ್ ಮಾಡಿ ರಾತ್ರಿ ಹನ್ನೊಂದಕ್ಕೆ ಪಿಂಪ್ರಿಯಿಂದ ಸೈಕಲ್ ತುಳಿದು ಬರುತ್ತಿದ್ದರು. ಐದು ವರ್ಷ ಹೀಗೇ.

ಸಾಲ ತೀರಿದ ಮರುವರ್ಷ ಕಾಕಾ ಬಂದರು. ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ನಿಂತಿದ್ದರು. ಅಪ್ಪ ಏನೂ ಕೇಳಲಿಲ್ಲ. "ಉಣ್ಣಾಕ ಬಾ" ಎಂದು ತಾವೇ ತಾಟು ಇಟ್ಟರು. ಊಟ ಆದ ಮೇಲೆ ಕಪಾಟಿನಿಂದ ಪಾಸ್‌ಬುಕ್ ತೆಗೆದು ಅವರ ಕೈಗೆ ಕೊಟ್ಟರು. ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆ ಇತ್ತು. ಕಾಕಾ ಒಂದೊಂದೇ ಪುಟ ತಿರುವಿ ನೋಡಿದರು. ಆಗ ಅವರ ಮುಖ ನಾನು ನೋಡಿದ್ದೇನೆ. ಮರುದಿನ ಬೆಳಗ್ಗೆ ಐದಕ್ಕೆ ನಳ ಬರುವ ಹೊತ್ತಿಗೆ, ಯಾರೂ ಹೇಳದೆ, ಕೊಡ ಹಿಡಿದು ಲೈನಿನಲ್ಲಿ ನಿಂತಿದ್ದರು.

ಅಪ್ಪ ಸುಮ್ನೆ ಕ್ಷಮಿಸಿದರು ಎಂದು ಹೊರಗಿನವರು ಹೇಳಬಹುದು. ಆ ಮನೆಯಲ್ಲಿದ್ದ ನನಗೆ ಗೊತ್ತು, ಅದು ಸುಮ್ನೆ ಆಗಿರಲಿಲ್ಲ. ತಪ್ಪು ನಿಜವಾಗಿದ್ದರೆ ನಷ್ಟವೂ ನಿಜ. ಅದನ್ನು ಮಾಡಿದವನು ಹೊರಬೇಕು, ಇಲ್ಲವೇ ಕ್ಷಮಿಸುವವನು ಹೊರಬೇಕು. ಅದು ಗಾಳಿಯಲ್ಲಿ ಕರಗಿ ಹೋಗುವುದಿಲ್ಲ.

ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಯೇಸುವನ್ನು ಹೊಣೆಗಾರ ಎಂದು ಕರೆದಿದೆ. ನಮ್ಮ ಪತ್‌ಪೇಢಿಯ ಮಾತಿನಲ್ಲಿ ಜಾಮೀನುದಾರ. ಅಪೊಸ್ತಲನಾದ ಪೌಲನು ಸೆರೆಮನೆಯಿಂದ ಫಿಲೆಮೋನನಿಗೆ ಬರೆದ ಪತ್ರವನ್ನೂ ಓದಿ, ಬರೀ 25 ವಚನ. ಒನೇಸಿಮ ಎಂಬ ಆಳನ್ನು ಒಡೆಯನ ಬಳಿಗೆ ವಾಪಸ್ ಕಳಿಸುತ್ತಾ, ಇವನು ನಿನಗೆ ಕೊಡಬೇಕಾದ್ದು ಏನಿದ್ದರೂ ನನ್ನ ಲೆಕ್ಕಕ್ಕೆ ಹಾಕು, ನಾನು ಕೊಡುತ್ತೇನೆ ಎನ್ನುತ್ತಾನೆ. ಇದನ್ನು ನನ್ನ ಸ್ವಂತ ಕೈಯಿಂದಲೇ ಬರೆದಿದ್ದೇನೆ ಎಂದೂ ಸೇರಿಸುತ್ತಾನೆ. ಅಂದರೆ ಸಹಿ! ಅದನ್ನು ಓದಿದಾಗ ನನಗೆ ಅಪ್ಪನ ಸಹಿಯೇ ಕಂಡಿತು.

ಬಾಯಿಪಾಠ ಬರುವುದು ಬೇರೆ, ತಿಳಿಯುವುದು ಬೇರೆ. ಪಂಡಿತಾ ರಮಾಬಾಯಿ ನಮ್ಮ ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಸಾವಿರಾರು ಹೆಂಗಸರಿಗೆ, ಮಕ್ಕಳಿಗೆ ನೆರಳಾದವರು. 1883ರಲ್ಲಿ ದೀಕ್ಷಾಸ್ನಾನ ಆಗಿತ್ತು, ಅಷ್ಟು ದೊಡ್ಡ ವಿದ್ವಾಂಸೆ ಬೇರೆ. ಆದರೂ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂದು ಅರಿವಾಗಲು ಎಂಟು ವರ್ಷ ಬೇಕಾಯಿತು ಎಂದು ಅವರೇ ಬರೆದಿದ್ದಾರೆ. ನಮ್ಮಂಥವರಿಗೆ ಇನ್ನೂ ಜಾಸ್ತಿ ಬೇಕಾದರೆ ಅದರಲ್ಲೇನಿದೆ?

ಇದನ್ನೆಲ್ಲ ಹೇಳಿದ ಮೇಲೆ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸರಿಯಾದ ಜಾಗಕ್ಕೇ ಕೈ ಹಾಕಿದರು. "ಅಲ್ಲೋ, ನಿಮ್ಮಪ್ಪ ರೊಕ್ಕ ಕಟ್ಟಿದ್ದು ಪೇಢಿಗೆ. ಪೇಢಿ ಒಂದು ರೂಪಾಯಿನೂ ಬಿಡಲಿಲ್ಲ. ಹಂಗಾದ್ರ ದೇವ್ರು ಪೇಢಿಯವರ ಹಂಗ ಆದ್ನಲ್ಲ?"

ಇದು ಹಳೆಯ ಆಕ್ಷೇಪ. 16ನೇ ಶತಮಾನದ ಕೊನೆಯಲ್ಲಿ ಇಟಲಿಯ ಸೊಸೀನುಸ್ ಹೀಗೇ ಕೇಳಿದ್ದ: ಸಾಲ ತೀರಿದ್ದರೆ ಅದು ಕ್ಷಮೆ ಹೇಗೆ, ಕ್ಷಮಿಸಿದ್ದರೆ ತೀರಿಸುವುದು ಏಕೆ? ನನ್ನ ಉತ್ತರ ಇಷ್ಟೇ. ಯೇಸುವನ್ನು ದೇವರಿಂದ ಬೇರೆ ಮಾಡಿ, ಹೊರಗಿನಿಂದ ಬಂದ ಮೂರನೆಯವನ ಹಾಗೆ ನೋಡಿದರೆ ಆ ಪ್ರಶ್ನೆಗೆ ಉತ್ತರ ಇಲ್ಲ. ಆದರೆ ಪೌಲ ಕೊರಿಂಥದವರಿಗೆ ಬರೆದಿದ್ದು, ದೇವರೇ ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಕೂಡಿಸಿಕೊಂಡನು ಎಂದು. ಇಲ್ಲಿ ಸಾಲ ಕೊಟ್ಟವನೂ ಅವನೇ, ನಷ್ಟ ಹೊತ್ತವನೂ ಅವನೇ. ಪೇಢಿ ಎಂದು ಬೇರೆ ಇಲ್ಲ. ನನ್ನ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ, ಅದನ್ನು ಒಪ್ಪುತ್ತೇನೆ.

"ಹೌದಪ್ಪಾ, ಆದ್ರ ಅವ್ವನ ಎರಡು ಬಳಿ?" ಎಂದರು ಅಣ್ಣ. "ಆಕೀಗೆ ಯಾರು ತಿರುಗಿ ಕೊಟ್ರು?"

ನನಗೆ ಉತ್ತರ ಹೊಳೆಯಲಿಲ್ಲ. ಆ ಸಂಜೆ ಕೆಲಸದ ಮೇಲೆ ಪುಣೆಯ ಕ್ಯಾಂಪ್ ಬಡಾವಣೆಗೆ ಹೋಗಬೇಕಿತ್ತು. ಲಾಲ್ ದೇವಳದ ಮುಂದೆ ಬೈಕ್ ನಿಲ್ಲಿಸಿದೆ. ಡೇವಿಡ್ ಸಸೂನ್ ಕಟ್ಟಿಸಿದ ಕೆಂಪು ಇಟ್ಟಿಗೆಯ ಯೆಹೂದಿ ಸಿನಗಾಗ್ (ಪ್ರಾರ್ಥನಾಮಂದಿರ) ಅದು, 1867ರದು. ಅವರ ದೋಷಪರಿಹಾರಕ ದಿನ ನೆನಪಾಯಿತು. ಬೈಬಲಿನ ಯಾಜಕಕಾಂಡ 16ರಲ್ಲಿ ಆ ದಿನಕ್ಕೆ ಎರಡು ಹೋತಗಳು. ಒಂದರ ರಕ್ತ ಕೃಪಾಸನಕ್ಕೆ, ಅಂದರೆ ಗರ್ಭಗುಡಿಯ ಮಂಜೂಷದ ಮುಚ್ಚಳಕ್ಕೆ. ಇನ್ನೊಂದರ ತಲೆಯ ಮೇಲೆ ಯಾಜಕ ಎರಡೂ ಕೈ ಇಟ್ಟು ಜನರ ಪಾಪಗಳನ್ನೆಲ್ಲ ಹೇಳುತ್ತಾನೆ. ಪಾಪ ಹೊತ್ತ ಆ ಹೋತವನ್ನು ಅಲ್ಲಿ ಬಲಿ ಕೊಡುವುದಿಲ್ಲ, ಹೊಡೆಯುವುದೂ ಇಲ್ಲ. ದೂರದ ಕಾಡಿಗೆ ಕಳಿಸುತ್ತಾರೆ. ಪಾಪವನ್ನು ಊರಿನಿಂದ ಹೊತ್ತು ಆಚೆ ಒಯ್ಯುವುದು! ಸಂಡೇ ಸ್ಕೂಲಿನಲ್ಲಿ ಇದನ್ನು ಯಾಕೆ ಒತ್ತಿ ಹೇಳಲಿಲ್ಲವೋ.

ಯೆಹೂದಿ ಗುರುಗಳು ಅದಕ್ಕೆ ಒಂದು ಮಾತು ಸೇರಿಸಿದ್ದಾರೆ. ಆ ಗುರುಗಳ ಹಳೆಯ ಬೋಧನೆಗಳ ಸಂಗ್ರಹವಾದ ಮಿಷ್ನಾದಲ್ಲಿದೆ. ದೇವರ ವಿರುದ್ಧ ಮಾಡಿದ್ದಕ್ಕೆ ಆ ದಿನ ಸಾಕು. ನೆರೆಯವನಿಗೆ ಮಾಡಿದ್ದಕ್ಕೆ ಸಾಲದು, ಮೊದಲು ಹೋಗಿ ಅವನನ್ನು ಸಮಾಧಾನ ಮಾಡಿ ಬಾ ಎಂದು. ಯೇಸುವೂ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದಿದ್ದಾನೆ. ಯೇಸುವನ್ನು ಮನೆಗೆ ಕರೆದ ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದ. ಶಿಲುಬೆಯ ಹೆಸರು ಹೇಳಿ ಮನುಷ್ಯರ ಲೆಕ್ಕವನ್ನು ಹಾರಿಸಿಬಿಡುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವ್ವನಿಗೆ ಈಗ 76. ಅಪ್ಪ ಹೋಗಿ ಆರು ವರ್ಷ.

"ಅವ್ವಾ, ಕಾಕಾನ ಮ್ಯಾಲೆ ಸಿಟ್ಟು ಹೋಗೇತೇನು?"

ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ರೊಕ್ಕದ್ದು ಎಂದೋ ಹೋತು. ನಿಮ್ಮಪ್ಪ ಮಾಫ್ ಮಾಡಿದ್ರು, ಅದು ಅವರ ಪಾಲಿಂದು. ಬಳಿ ನನ್ನವು. ಅಂವ ನನಗ ಒಂದ್ ಮಾತು ಹೇಳಲೇ ಇಲ್ಲ ನೋಡು. ಹೇಳಿದ್ರ ನಾ ಏನ್ ಬ್ಯಾಡ ಅಂತಿದ್ನಾ?"

ಕಾಕಾ ಈಗ ಗದಗದಲ್ಲಿದ್ದಾರೆ. ಮೊಣಕಾಲು ನೋವು, ಪ್ರಯಾಣ ಕಷ್ಟ. ರಾತ್ರಿ ಫೋನ್ ಮಾಡಿ ಅವ್ವ ಹೇಳಿದ್ದನ್ನು ಹಾಗೆಯೇ ಹೇಳಿದೆ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ವೈನಿ ಎಚ್ಚರ ಅದಾರೇನು? ಫೋನ್ ಅವರ ಕಡೆ ಕೊಡು."