ಕೆಲಸ ನಿಂತರೆ ಕೂಲಿ ಯಾರದು?

ಅಬುಧಾಬಿಯ ಕಟ್ಟಡದ ಸೈಟುಗಳಲ್ಲಿ ಸೂಪರ್‌ವೈಸರ್ ಆಗಿ ಹನ್ನೊಂದು ವರ್ಷ ಆಯಿತು. ಬೆಳಿಗ್ಗೆ ನನ್ನ ಮೊದಲ ಕೆಲಸ ಸಾರುವೆಗೆ ಕಟ್ಟಿದ ಚೀಟಿ ನೋಡುವುದು. ಹಸಿರಿದ್ದರೆ ಹತ್ತಬಹುದು, ಕೆಂಪಿದ್ದರೆ ಯಾರೂ ಕಾಲಿಡುವಂತಿಲ್ಲ. ಕಳೆದ ಬೇಸಿಗೆಯಲ್ಲಿ ತೆಲಂಗಾಣದ ಹುಡುಗನೊಬ್ಬ ಏಣಿಯ ಬುಡದಲ್ಲೇ ನಿಂತುಬಿಟ್ಟ. ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಚೀಟಿ ಹಸಿರೇ ಇತ್ತು, ಆದರೆ ಮೇಲಿನ ಅಡ್ಡಪೈಪಿನ ಕ್ಲ್ಯಾಂಪ್ ಸಡಿಲಾಗಿದ್ದು ಅವನ ಕಣ್ಣಿಗೆ ಬಿದ್ದಿತ್ತು. ಕೆಂಪು ಚೀಟಿ ಹಾಕಿ, ಬಿಗಿಸಿ, ಮತ್ತೆ ತಪಾಸಣೆ ಮಾಡಿಸುವಷ್ಟರಲ್ಲಿ ಮೂರು ತಾಸು ಹೋಯಿತು. ಹನ್ನೆರಡು ಜನ ನೆರಳಲ್ಲಿ ಕೂತಿದ್ದರು. ಯಾರ ಸಂಬಳದಲ್ಲೂ ಒಂದು ದಿರ್ಹಮ್ ಕಡಿತವಾಗಲಿಲ್ಲ.

ಊರಿಗೂ ಇಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಇದೇ ಅಂತ ನನಗನ್ನಿಸುತ್ತದೆ. ಹೆಲ್ಮೆಟ್ಟು, ಬೂಟು, ಬೆಲ್ಟು ಆಮೇಲಿನ ಮಾತು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಇಲ್ಲಿ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಮಾಡಿಸಿದರೆ ತಲಾ 5,000 ದಿರ್ಹಮ್ ದಂಡ. ಈ ನಿಯಮ ನಡೆಯುವುದು ದಂಡದ ಹೆದರಿಕೆಯಿಂದ ನಿಜ, ಆದರೆ ಕೆಲಸಗಾರನೂ ಅದಕ್ಕೆ ಅಡ್ಡ ಬರುವುದಿಲ್ಲ. ಅವನದು ತಿಂಗಳ ಸಂಬಳ.

ಎರಡು ವರ್ಷದ ಹಿಂದೆ ಧಾರವಾಡದಲ್ಲಿ ನಮ್ಮ ಮನೆ ಕಟ್ಟಿಸುವಾಗ ನಾನೇ ಚದರಡಿ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟೆ. ಫೋನಿನಲ್ಲಿ ಚೌಕಾಶಿ ಮಾಡಿ ಅಡಿಗೆ ನಲವತ್ತು ರೂಪಾಯಿ ಇಳಿಸಿದೆ. ರಜೆಗೆ ಹೋದಾಗ ನೋಡಿದರೆ ಗಾರೆಯವನು ಹವಾಯಿ ಚಪ್ಪಲಿಯಲ್ಲಿ, ತೆಂಗಿನ ಹಗ್ಗದಿಂದ ಬಿಗಿದ ನೀಲಗಿರಿ ಗಳದ ಮೇಲೆ ನಿಂತು ಹೊರಗೋಡೆಗೆ ಪ್ಲಾಸ್ಟರ್ ಹೊಡೆಯುತ್ತಿದ್ದ. ಮೆಟ್ಟಿಲಿಗೆ ಬಿಟ್ಟ ಜಾಗದ ಸುತ್ತ ಒಂದು ಹಗ್ಗವೂ ಇರಲಿಲ್ಲ. ಬೆಲ್ಟ್ ತರಿಸುತ್ತೇನೆ ಅಂದೆ.

"ಬೆಲ್ಟ್ ಹಾಕ್ಕೊಂಡು ಬಿಚ್ಕೊಂತ ಕುಂತ್ರ ಕೆಲಸ ಸಾಗೂದಿಲ್ರಿ ಸಾಹೇಬ್ರ. ಶನಿವಾರ ಬಟವಾಡಿ ಐತಿ."

ನಾಲ್ಕು ದಿನಕ್ಕೆ ಅದೇ ಮೆಟ್ಟಿಲ ಜಾಗದಲ್ಲಿ ಬಾಂಡ್ಲಿ ಹೊತ್ತ ಹೆಣ್ಣಾಳು ಕೆಳಗೆ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯ ಖರ್ಚು ಕೊಟ್ಟೆ, ಆರು ತಿಂಗಳ ಕೂಲಿಯನ್ನೂ ಕೊಟ್ಟೆ. ಆದರೂ ಆ ನಲವತ್ತು ರೂಪಾಯಿ ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದನ್ನು ನಾನು ಕಿತ್ತುಕೊಂಡಿದ್ದು ಅವಳ ಸುತ್ತ ಇರಬೇಕಾಗಿದ್ದ ಹಲಗೆಯಿಂದ.

ನಮ್ಮಲ್ಲಿ ಕಾನೂನಿಲ್ಲ ಅನ್ನುವಂತಿಲ್ಲ. ಕಟ್ಟಡ ಕಾರ್ಮಿಕರ ಸುರಕ್ಷತೆಗೆಂದು 1996ರಲ್ಲೇ ಕೇಂದ್ರದ ಕಾಯ್ದೆ ಬಂತು. ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ವಸೂಲಾಗಿ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಇಷ್ಟಿದ್ದೂ 2019ರ ಮಾರ್ಚಿನಲ್ಲಿ ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲೂ ಮಳೆಯ ನಡುವೆ ಕಟ್ಟುತ್ತಿದ್ದ ಕಟ್ಟಡ ಕುಸಿದು ಕಾರ್ಮಿಕರು ಸತ್ತರು. ಯಾರಾದರೂ ನಿಲ್ಲಿಸಿ ಅನ್ನಬಹುದಾದ ಗಳಿಗೆ ಒಂದಾದರೂ ಇದ್ದಿರಲೇಬೇಕು. ಆದರೆ ದಿನಗೂಲಿಯವನು ಹಾಗಂದರೆ ಅವತ್ತಿನ ರೊಟ್ಟಿ ಅವನದೇ ಹೋಗುತ್ತದೆ.

ಇಲ್ಲಿಯದನ್ನು ಸ್ವರ್ಗ ಅಂತ ನಾನು ಹೇಳಲಾರೆ. ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿಲ್ಲ. ಏಜೆಂಟನಿಗೆ ಕೊಡಲು ಮಾಡಿದ ಸಾಲ ತೀರಿಸುವುದರಲ್ಲೇ ಮೊದಲ ವರ್ಷ ಕಳೆಯುವವರನ್ನು ಕ್ಯಾಂಪಿನಲ್ಲಿ ದಿನಾ ನೋಡುತ್ತೇನೆ. ಊರಲ್ಲಿ ನಮ್ಮವರಿಗೆ ಇರುವ ಮತ, ಸಂಘ ಇವರಿಗಿಲ್ಲ. ಅಷ್ಟೆಲ್ಲ ಇದ್ದೂ ನಮ್ಮವರ ನಿಂತ ಮೂರು ತಾಸಿನ ಕೂಲಿಗೆ ಯಾರೂ ಹೊಣೆಯಾಗದಿರುವುದೇ ನನ್ನ ಸಿಟ್ಟು.

ಈಗ ಮೇಲಂತಸ್ತು ಎಬ್ಬಿಸಬೇಕು. ಕಬ್ಬಿಣದ ಸಾರುವೆ, ಬೆಲ್ಟು, ಬೂಟುಗಳಿಗೆ ಗುತ್ತಿಗೆಯ ಹೊರಗೆ ಬೇರೆ ದುಡ್ಡು ಬರೆದುಕೊಡು ಅಂತ ಮೇಸ್ತ್ರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಮಳಿ ಬಂದು ನಿಂತ ದಿನದ್ದೂ ಕೊಡ್ತೀರೇನ್ರಿ?"

ಕೊಡ್ತೀನಿ, ಅದನ್ನೂ ಬರೆ ಅಂದೆ.